ಹಳೆಯ ಕಾರಿನ ಮಂದ ದೀಪ: ಬಲ್ಬಿಗಿಂತ ಮೊದಲು ವೈರಿಂಗ್ ನೋಡಿ

ಅಂಬಾಸಿಡರ್, ಪದ್ಮಿನಿಯಂಥ ಹಳೆಯ ಕಾರುಗಳ ಹೆಡ್‌ಲೈಟ್ ಮಂಕಾದೊಡನೆ ಹೆಚ್ಚು ವ್ಯಾಟ್‌ನ ಬಲ್ಬ್ ಹಾಕಿಸುವುದು ವಾಡಿಕೆ. ಆದರೆ ದೋಷ ಹೆಚ್ಚಾಗಿ ಇರುವುದು ವೈರಿಂಗ್‌ನಲ್ಲಿ.

ಇಂಥ ಕಾರುಗಳಲ್ಲಿ ದೀಪದ ವಿದ್ಯುತ್ತು ಸ್ವಿಚ್ ಮೂಲಕವೇ ಹರಿಯುತ್ತದೆ. ತಲಾ 55 ವ್ಯಾಟ್‌ನ ಎರಡು ಬಲ್ಬ್‌ಗಳು 12 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಸೆಳೆಯುತ್ತವೆ. ಸವೆದ ಸ್ವಿಚ್, ತುಕ್ಕು ಹಿಡಿದ ಅರ್ಥಿಂಗ್‌ಗಳಿಂದ ವೋಲ್ಟೇಜ್ ಶೇ. 10ರಷ್ಟು ಕುಸಿದರೆ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ. 100 ವ್ಯಾಟ್‌ನ ಬಲ್ಬ್ ಹಾಕಿದರೆ ತಂತಿ ಕಾದು, ಹೊದಿಕೆ ಕರಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಎದುರಿನ ಚಾಲಕರ ಕಣ್ಣನ್ನೂ ಕೋರೈಸುತ್ತದೆ.

ಇದಕ್ಕೆ ಪರಿಹಾರ ರಿಲೇ ಅಳವಡಿಕೆ. ಬ್ಯಾಟರಿಯಿಂದ ದಪ್ಪ ತಂತಿಯನ್ನು ರಿಲೇ ಮೂಲಕ ದೀಪಕ್ಕೆ ಎಳೆದರೆ, ಹಳೆಯ ಸ್ವಿಚ್ ರಿಲೇಗೆ ಸೂಚನೆಯನ್ನಷ್ಟೇ ನೀಡುತ್ತದೆ. ಹೈಬೀಮ್, ಡಿಮ್‌ಗಳಿಗೆ ಪ್ರತ್ಯೇಕ ರಿಲೇ ಬೇಕು. ಫ್ಯೂಸ್ ಬ್ಯಾಟರಿಯ ಸಮೀಪವೇ ಇರಬೇಕು. ಆಗ ಹಳೆಯ ಬಲ್ಬೇ ಮತ್ತೆ ಪ್ರಖರವಾಗಿ ಬೆಳಗುವುದು.