ಮೇಜಿನ ಮೇಲೆ ನಮ್ಮ ಜಹೀರಾಬಾದ್–ಬೀದರ್ ರೈಲು

ರಜೆಯಲ್ಲಿ ಮಕ್ಕಳೊಂದಿಗೆ ಮಾದರಿ ರೈಲುಮಾರ್ಗ ಮಾಡಬೇಕೆನ್ನುವವರಿಗಾಗಿ ಈ ಕೆಲವು ಮಾತು.

ಮೊದಲು ಅಳತೆ. ಎಚ್‌ಒ ಮಾದರಿಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. 21 ಮೀಟರ್ ಉದ್ದದ ಬೋಗಿ ಸುಮಾರು 24 ಸೆಂ.ಮೀ. ಆಗುತ್ತದೆ. ಹತ್ತು ಬೋಗಿಗೆ ಎಂಟಡಿ ಪ್ಲಾಟ್‌ಫಾರಂ ಬೇಕು; ಮನೆಯ ಮೇಜಿಗೆ ಮೂರು ಬೋಗಿ ಸಾಕು. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ.; ಆ ಲೆಕ್ಕಕ್ಕೆ ಹಳಿಗಳ ನಡುವೆ 19 ಮಿ.ಮೀ. ಇರಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5 ಮಿ.ಮೀ., ಅದು ಹೊರದೇಶದ 1435 ಮಿ.ಮೀ. ಗೇಜಿನದು. ಹಾಗಾಗಿ ಹಳಿ ತುಸು ಕಿರಿದಾಗಿ ಕಾಣುತ್ತದೆ.

ನೆಲಕ್ಕೆ ನಮ್ಮ ಕಡೆಯ ಕೆಂಪು ಮಣ್ಣೇ ಚೆಂದ. ಒಣಗಿಸಿ, ಜರಡಿ ಹಿಡಿದು, ಮೇಲೆ ಅಯಸ್ಕಾಂತ ಆಡಿಸಿ. ಮಣ್ಣಿನಲ್ಲಿ ಕಬ್ಬಿಣದ ಕಣ ಉಳಿದರೆ ಎಂಜಿನ್ನಿನ ಮೋಟರಿಗೆ ಅಂಟಿ ಕೆಡಿಸುತ್ತದೆ. ನೀರು ಬೆರೆಸಿದ ಫೆವಿಕಾಲ್ ಹನಿಸಿ ಮಣ್ಣು ಕೂರಿಸಿ. ಜಲ್ಲಿಗೆ ಜರಡಿ ಹಿಡಿದ ಮರಳು ಆದೀತು.

ಕೊನೆಗೆ ನಾಮಫಲಕ. ಜಹೀರಾಬಾದಿನದರಲ್ಲಿ ತೆಲುಗು, ಬೀದರಿನದರಲ್ಲಿ ಕನ್ನಡ ಇರಲಿ. ಎರಡನ್ನೂ ಮಕ್ಕಳ ಕೈಯಿಂದಲೇ ಬರೆಸಿ. ಶಾಲೆಯಲ್ಲಿ ಕನ್ನಡ ಕಲಿಯದ ನಮ್ಮ ಮಕ್ಕಳು, ಪುಟ್ಟ ರೈಲು ಬೀದರ್ ಮುಟ್ಟಿದಾಗಲಾದರೂ ನಮ್ಮ ಅಕ್ಷರ ಓದಲಿ.

– ಕಾರ್ಯದರ್ಶಿ