ಬೆಣ್ಣೆ ಚಾವಡಿಯ ದನಗಳು

ಬನ್ನಿ, ಅಜ್ಜಂಪುರಕ್ಕೆ ಹೋಗಿ ಬರೋಣ. ಇದು ಚಿಕ್ಕಮಗಳೂರು ಜಿಲ್ಲೆಯ ಊರು. ಇಲ್ಲಿ ಅಮೃತಮಹಲ್ ದನಗಳನ್ನು ಸಾಕುವ ಸರ್ಕಾರಿ ಕೇಂದ್ರ ಇದೆ. ಈ ದನಗಳ ಕಥೆ 300 ವರ್ಷಕ್ಕೂ ಹಳೆಯದು.

ಅಲ್ಲಿ ನೋಡಿ, ದನಗಳು ಮೇಯುತ್ತಿವೆ. ಮೈ ಬೂದು ಬಣ್ಣ. ಮುಖ ಉದ್ದ. ಕೊಂಬು ಹಿಂದಕ್ಕೆ ಬಾಗಿ ಮೇಲೆ ಎದ್ದಿವೆ. ಕೊಂಬಿನ ತುದಿ ಬಲು ಚೂಪು. ಹತ್ತಿರ ಹೋಗಬೇಡಿ! ಹೊಸಬರನ್ನು ಕಂಡರೆ ಇವು ಬೆದರುತ್ತವೆ. ಹಾಯಲೂ ಬರುತ್ತವೆ.

ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಮೈಸೂರನ್ನು ಆಳಿದರು. ಅವರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗಾಗಿ ಒಂದು ಇಲಾಖೆ ಇತ್ತು. ಅದರ ಹೆಸರು ‘ಬೆಣ್ಣೆ ಚಾವಡಿ’. ಮುಂದೆ ಟಿಪ್ಪು ಸುಲ್ತಾನರು ಅದಕ್ಕೆ ‘ಅಮೃತಮಹಲ್’ ಅಂತ ಹೆಸರಿಟ್ಟರು. ಈ ಎತ್ತುಗಳು ಯುದ್ಧದಲ್ಲಿ ಫಿರಂಗಿ ಗಾಡಿ ಎಳೆದವು.

ದನ ಮೇಯಲು ರಾಜರು ಹುಲ್ಲುಗಾವಲು ಬಿಟ್ಟಿದ್ದರು. ಅದಕ್ಕೆ ‘ಕಾವಲು’ ಅಂತಾರೆ. ಮಳೆಗಾಲಕ್ಕೆ ಒಂದು ಕಾವಲು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಇನ್ನೊಂದು. ಒಂದು ಕಡೆ ದನ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರುತ್ತಿತ್ತು.

1860ರಲ್ಲಿ ಏನಾಯಿತು ಗೊತ್ತಾ? ಆಗ ಬ್ರಿಟಿಷರ ಆಡಳಿತ. ಖರ್ಚು ಉಳಿಸಬೇಕು ಅಂತ ದನಗಳನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ತಪ್ಪು ತಿಳಿಯಿತು. ಸೈನ್ಯಕ್ಕೆ ಅಂಥ ಎತ್ತು ಸಿಗಲಿಲ್ಲ. ಮತ್ತೆ ಊರೂರು ಹುಡುಕಿ ದನ ಕೂಡಿಸಬೇಕಾಯಿತು.

“ಈ ಹಸು ಹಾಲು ಕಡಿಮೆ ಕೊಡುತ್ತಂತೆ. ಮತ್ಯಾಕೆ ಸಾಕಬೇಕು?” ಅಂತ ನೀವು ಕೇಳಬಹುದು. ಹೌದು, ಹಾಲು ಕಡಿಮೆ. ಆದರೆ ಇವು ಬಿಸಿಲು ತಡೆಯುತ್ತವೆ. ಒಣ ಹುಲ್ಲು ತಿಂದು ಬದುಕುತ್ತವೆ. ಇವುಗಳ ಎತ್ತು ದೂರ ನಡೆದರೂ ಬೇಗ ದಣಿಯುವುದಿಲ್ಲ. ಅಜ್ಜಂಪುರದಲ್ಲಿ ಹೋರಿಕರುಗಳ ಹರಾಜು ನಡೆಯುತ್ತದೆ. ಬೇರೆ ಬೇರೆ ಜಿಲ್ಲೆಯ ರೈತರು ಬಂದು ಕೊಳ್ಳುತ್ತಾರೆ.

ಈಗ ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಎತ್ತು ಕಟ್ಟುವವರು ಕಡಿಮೆ. ಎಷ್ಟೋ ಕಾವಲುಗಳು ಹೊಲ, ಮನೆ, ಬೇರೆ ಕೆಲಸಗಳಿಗೆ ಹೋಗಿವೆ. ಕಾವಲು ಹೋದರೆ ದನಕ್ಕೆ ಮೇವಿಲ್ಲ. ಕಾಡುಪ್ರಾಣಿಗೂ ನೆಲೆಯಿಲ್ಲ. ಕಡೂರಿನ ಬಳಿ ಬಾಸೂರು ಕಾವಲಿದೆ. ಅಲ್ಲಿ ಕೃಷ್ಣಮೃಗಗಳು ಇವೆ.

ನಾವು ರಾಗಿ, ಅವರೆಯ ಬೀಜ ತೆಗೆದು ಇಡುತ್ತೇವೆ. ಎಷ್ಟೇ ಕಷ್ಟ ಬಂದರೂ ಬಿತ್ತನೆ ಬೀಜ ಬೇಯಿಸಿ ತಿನ್ನುವುದಿಲ್ಲ. ತಿಂದರೆ ಮುಂದಿನ ವರ್ಷ ಬಿತ್ತಲು ಏನಿರುತ್ತೆ? ದನದ ತಳಿಯೂ ಬೀಜ ಇದ್ದ ಹಾಗೆ. ಪೂರ್ತಿ ಕಳೆದುಕೊಂಡರೆ ಯಾವ ಸಂತೆಯಲ್ಲೂ ಸಿಗೋದಿಲ್ಲ.

ನಿಮ್ಮ ಊರಲ್ಲಿ ಗೋಮಾಳ ಇದೆಯಾ? ಮೊದಲು ಎಷ್ಟಿತ್ತು? ಈಗ ಎಷ್ಟು ಉಳಿದಿದೆ? ಹಿರಿಯರನ್ನು ಕೇಳಿ. ತಿಳಿದದ್ದನ್ನು ನಿಮ್ಮ ಕೈಯಾರೆ ಬರೆದಿಡಿ.