ಗೆಡ್ಡೆಯೊಳಗೆ ಕೂತ ಕಳ್ಳ

ಮದುವೆ ಛತ್ರದ ಬಾಗಿಲಲ್ಲಿ, ಸನ್ಮಾನದ ಮೇಜಿನ ಮೇಲೆ, ಉದ್ದನೆ ಕಡ್ಡಿಗೆ ಒಂದರ ಮೇಲೊಂದು ಪೋಣಿಸಿದ ಹಾಗೆ ಹೂ ನಿಂತಿರುತ್ತದಲ್ಲ, ಅದೇ ಗ್ಲಾಡಿಯೋಲಸ್. ಮೂಗಿಗೆ ಏನೂ ಇಲ್ಲ, ಕಣ್ಣಿಗೆ ಮಾತ್ರ ಹಬ್ಬ.

ಈ ಹೂವಿನ ಬಂಡವಾಳವೆಲ್ಲ ಗೆಡ್ಡೆಯಲ್ಲಿದೆ. ಹೂ ಕೊಯ್ದ ಮೇಲೆ ಗೆಡ್ಡೆ ಕಿತ್ತು, ನೆರಳಲ್ಲಿ ಒಣಗಿಸಿ ಎತ್ತಿಟ್ಟರೆ ಮುಂದಿನ ಸಲಕ್ಕೆ ಅದೇ ಬಿತ್ತನೆ. ಪಾವಗಡದ ಕಡೆ ಕಡಲೇಕಾಯಿ ಬೀಜ ಎತ್ತಿಡುವ ಲೆಕ್ಕವೇ ಇಲ್ಲೂ.

ಆದರೆ ಕಳ್ಳ ಅಲ್ಲೇ ಕೂತಿರುತ್ತಾನೆ. ಹೆಸರು ಫ್ಯುಸೇರಿಯಂ, ಬೂಷ್ಟಿನ ಜಾತಿಯ ಶಿಲೀಂಧ್ರ. ಎಲೆ ಹಳದಿಯಾಗಿ ಗಿಡ ಸೊರಗುತ್ತದೆ, ಗೆಡ್ಡೆಯ ಬುಡ ಕಂದಾಗಿ ಕೊಳೆಯುತ್ತದೆ. ಕೆಲವು ಗೆಡ್ಡೆ ಹೊರಗೆ ಲಕ್ಷಣವಾಗೇ ಕಾಣುತ್ತವೆ, ಒಳಗೆ ರೋಗ ಇಟ್ಕೊಂಡಿರುತ್ತವೆ. ಅದನ್ನ ನಂಬಿ ನೆಟ್ಟರೆ ಹೊಲಕ್ಕೂ ಅಂಟಿತು. ಮಣ್ಣು ಸೇರಿದ ಈ ಪೀಡೆ ವರ್ಷಗಟ್ಟಲೆ ಜಾಗ ಬಿಡೋಲ್ಲ. ಔಷಧಿ ನೀರಲ್ಲಿ ಗೆಡ್ಡೆ ಅದ್ದಬಹುದು, ನಿಜ. ಅದು ಪ್ರತಿ ಸಲದ ಖರ್ಚು. ಒಳಹೊಕ್ಕ ರೋಗಕ್ಕೆ ಗ್ಯಾರಂಟಿಯೂ ಇಲ್ಲ.

ಹಾಗಾದರೆ ರೋಗ ತಡೆಯೋ ಗಿಡವನ್ನೇ ಹುಟ್ಟಿಸಿದರೆ?

ಆ ಕೆಲಸ ನಡೆದದ್ದು ದೂರದಲ್ಲೇನಲ್ಲ. ತುಮಕೂರು ರಸ್ತೆಯಲ್ಲಿ ಬೆಂಗಳೂರಿಗೆ ಬಸ್ ಹತ್ತುವವರಿಗೆ ಹೆಸರಘಟ್ಟದ ಹೆಸರು ಗೊತ್ತೇ ಇದೆ. 1967ರಲ್ಲಿ ಹುಟ್ಟಿದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇರೋದು ಅಲ್ಲೇ. ಈ ರೋಗಕ್ಕೆ ಸುಲಭವಾಗಿ ಬಗ್ಗದ ಧೀರಜ್, ಅರ್ಕಾ ಅಮರ್ ತಳಿಗಳು ಆ ಸಂಸ್ಥೆಯವೇ.

ಇದು ಆತುರದವರ ಕೆಲಸವಲ್ಲ. ಒಂದು ಹೂವಿನ ಕೇಸರ ಕಿತ್ತು, ಇನ್ನೊಂದು ಜಾತಿಯ ಪರಾಗ ಸವರಿ, ಬೀಜ ಕಟ್ಟಿಸಬೇಕು. ಬೀಜ ಬಿತ್ತಿದರೆ ಮೊದಲಿಗೆ ಸಿಗೋದು ಪುಟ್ಟ ಗೆಡ್ಡೆ. ಹೂ ನೋಡೋಕೆ ಎರಡು ಮೂರು ಹಂಗಾಮು ಕಾಯಬೇಕು. ಆಮೇಲೆ ರೋಗದ ಮಣ್ಣಿನಲ್ಲೇ ನೆಟ್ಟು ಪರೀಕ್ಷೆ. ಬದುಕಿದ್ದಷ್ಟೇ ಪಾಸು. ಪಾಸಾದ ಗಿಡದ ಮರಿಗೆಡ್ಡೆಯೆಲ್ಲ ತಾಯಿಯ ಗುಣವನ್ನೇ ಹೊತ್ತಿರುತ್ತವೆ. ರೈತನಿಗೆ ಲಾಭ ಇರೋದು ಇಲ್ಲಿ.

ಹಾಗಂತ ತಳಿ ತಂದವನು ಕಾಲು ಚಾಚಿ ಮಲಗುವಂತಿಲ್ಲ. ತಡೆಯೋ ಶಕ್ತಿ ಅಂದರೆ ರೋಗವೇ ಬಾರದು ಅಂತಲ್ಲ. ಬಲಸಮುದ್ರದ ಕಡೆ ಯಾರಾದರೂ ಬೋರ್‌ವೆಲ್ ನೀರು ನಂಬಿ ಚಳಿಗಾಲಕ್ಕೆ ಈ ಹೂ ಹಾಕುವುದಾದರೆ, ಮೊದಲು ಗೆಡ್ಡೆ ಎಲ್ಲಿಂದ ಬಂತು ಅಂತ ಕೇಳಲಿ. ಹಳದಿಯಾದ ಗಿಡವನ್ನ ಗೆಡ್ಡೆ ಸಮೇತ ಕಿತ್ತು ಸುಡಲಿ. ಅದೇ ಮಣ್ಣಿಗೆ ವರ್ಷ ವರ್ಷವೂ ಅದೇ ಗೆಡ್ಡೆ ಬೇಡ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಕೋಟೆ ಕಂಡ ಮಧುಗಿರಿ ಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕೆ?